ಬೇಸಿಗೆಯ ಕೈತೋಟ

2016ರ ಮೇ 20ರಂದು ಅಹಮದಾಬಾದಿನ ಉಷ್ಣಾಂಶ 48 ಡಿಗ್ರಿ ಮುಟ್ಟಿತ್ತು. ಅಂಥ ಊರಿನ ಬೇಸಿಗೆಯಲ್ಲೂ ಮನೆಯಂಗಳದ ಕುಂಡಗಳು ಸುಮ್ಮನಿರುವುದಿಲ್ಲ. ಬಿಸಿಲೇರಿದ ದಿನಗಳಲ್ಲೇ ಮಲ್ಲಿಗೆ, ಅಲ್ಲಿನವರ ಮೊಗ್ರಾ, ಮೈತುಂಬ ಮೊಗ್ಗು ಬಿಡುತ್ತದೆ. ಸಂಜೆ ಅರಳಿತೆಂದರೆ ಓಣಿಗೆಲ್ಲ ಪರಿಮಳ.

ವಡೋದರಾ, ಸೂರತ್‌ಗಳ ಮನೆಗಳಲ್ಲೂ ತುಳಸಿಯ ಪಕ್ಕ ಪುದೀನ, ಕರಿಬೇವು ಇರುತ್ತವೆ. ಪುದೀನ ಮಜ್ಜಿಗೆಗೆ. ತಕಮರಿಯಾ, ಅಂದರೆ ನಮ್ಮ ಕಾಮಕಸ್ತೂರಿ ಬೀಜ, ನೆನೆದು ಉಬ್ಬಿ ಶರಬತ್ತಿಗೆ ಸೇರುತ್ತದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಸಿಕ್ಕರೆ ದಯವಿಟ್ಟು ಕಿತ್ತೆಸೆಯಬಾರದು. ಅದು ನಿಂಬೆ ಚಿಟ್ಟೆಯ ಮರಿ ಇರಬಹುದು. ಎಳೆಯ ವಯಸ್ಸಿನಲ್ಲಿ ಶತ್ರುಗಳ ಕಣ್ಣು ತಪ್ಪಿಸಲು ಆ ವೇಷ. ಬೆಳೆದ ಮೇಲೆ ಎಲೆಯದೇ ಹಸಿರು ಬಣ್ಣ. ನಾಲ್ಕೆಲೆ ಹೋದರೆ ಹೋಗಲಿ, ಅಂಗಳಕ್ಕೆ ಚಿಟ್ಟೆ ಬರುತ್ತದಲ್ಲ!

ಚಿಟ್ಟೆಗಷ್ಟೇ ಅಲ್ಲ, ಹಕ್ಕಿಗೂ ಜಾಗ ಬೇಕಲ್ಲ. ಹಳೆಯ ಅಹಮದಾಬಾದಿಗೆ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮನ್ನಣೆ ನೀಡಿತು. ಅಲ್ಲಿನ ಪೋಳ್ ಎಂಬ ಇಕ್ಕಟ್ಟಾದ ಕೇರಿಗಳಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡಲೆಂದೇ ಕಟ್ಟಿದ ಕೆತ್ತನೆಯ ಚಬೂತರೋಗಳಿವೆ. ಜನರಿಗೇ ಜಾಗ ಸಾಲದ ಕಡೆ ಹಕ್ಕಿಗೂ ಪಾಲು ಕೊಟ್ಟದ್ದು ದೊಡ್ಡ ಮಾತು.

ಕೇಳುಗರೇ, ಇಂದು ಗಿಡಕ್ಕೆ ನೀರು ಹಾಕುವಾಗ ಹಕ್ಕಿಗಳಿಗೆಂದು ನೆರಳಿನಲ್ಲಿ ಆಳವಿಲ್ಲದ ಮಣ್ಣಿನ ತಟ್ಟೆಯೊಂದನ್ನೂ ತುಂಬಿಸಿಡಿ. ಸೊಳ್ಳೆಯಾಗದಂತೆ ದಿನವೂ ನೀರು ಬದಲಿಸಿ.