ಕೇಳಿಸದ ಸ್ವರ, ಕಾಣದ ತಂತಿ

(ಶತಮಾನೋತ್ಸವದ ಅಂಗವಾಗಿ ಸೇರಿದ್ದ ಗಾನವೃಂದ ಹಾಗೂ ವಾದ್ಯಗಾರರ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ಇಂದು ನಮಗೆ ಒಪ್ಪಿಸಿರುವ ವಿಷಯ ‘ಸಂಗೀತ ಮತ್ತು ಸೇವೆ’. ಈ ವಿಷಯದ ಮೇಲೆ ಉಪದೇಶ ಮಾಡುವುದು ಸುಲಭ. ಅನೇಕ ಬಾರಿ ಮಾಡಿಯೂ ಇದ್ದೇವೆ. ಆದರೆ ಇಂದು ಉಪದೇಶಕ್ಕಿಂತ ಮಿಗಿಲಾಗಿ ಒಂದು ತಪ್ಪೊಪ್ಪಿಗೆಯನ್ನು ನಿಮ್ಮ ಮುಂದಿಡಬೇಕಾಗಿದೆ. ಊರೂರು ತಿರುಗಿ ಬಾರಿಸಿ ಹೊಟ್ಟೆ ಹೊರೆಯುವ ವಾದ್ಯಗಾರ, ಅವನ ಕೈಯಲ್ಲಿರುವ ಬೇಸ್ ಗಿಟಾರು, ಅದರ ಒಡಲೊಳಗಿನ ತಂತಿ – ಇವುಗಳ ಕುರಿತು ಒಬ್ಬ ಗುರುವು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಕೊನೆಯವರೆಗೆ ತಾಳ್ಮೆಯಿಂದ ಕೇಳಿದರೆ ಕಾರಣ ತಿಳಿದೀತು.

ನಮ್ಮ ಈ ಸೀಮೆ ಸಂಗೀತಕ್ಕೆ ಬಡವಲ್ಲ. ಜಾತ್ರೆಯಲ್ಲಿ ಕರಡಿ ಮಜಲಿನ ಮೊಳಗು ಕೇಳಿ ಬೆಳೆದವರು ನಾವು. ಗೋಕಾಕ ಸೀಮೆಯ ಕುಲಗೋಡಿನಲ್ಲಿ ತಮ್ಮಣ್ಣನವರು ಬೆಳೆಸಿದ ಶ್ರೀಕೃಷ್ಣ ಪಾರಿಜಾತ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರ ಕಂಠದಿಂದ ಈ ಭಾಗದ ಹಳ್ಳಿಹಳ್ಳಿಗೂ ಹಬ್ಬಿತು. ಇಡೀ ರಾತ್ರಿ ನಡೆಯುವ ಆ ಆಟದಲ್ಲಿ ಜನರ ಕಣ್ಣು ಸತ್ಯಭಾಮೆ, ಕೊರವಂಜಿಯರ ಮೇಲೆ. ಹಿಂದೆ ಕುಳಿತು ಬೆಳಗಿನವರೆಗೆ ಹಾರ್ಮೋನಿಯಂ, ತಬಲಾ ನುಡಿಸಿದವನ ಮೇಲಲ್ಲ. ಗೀಗೀ ಪದದ ಮೇಳದಲ್ಲಿ ದಪ್ಪು ಹಿಡಿದ ಮುಖ್ಯ ಗಾಯಕನ ಬೆನ್ನ ಹಿಂದೆ ಒಬ್ಬನು ತುಂತುಣಿ ಮೀಟುತ್ತಾನೆ. ಅದಕ್ಕಿರುವುದು ಒಂದೇ ತಂತಿ. ಅದನ್ನು ಯಾರೂ ಹೊಗಳುವುದಿಲ್ಲ. ಅದು ನಿಂತರೆ ಮಾತ್ರ ಪದದ ಕಾಲು ಮುರಿಯುತ್ತದೆ. ಆಧಾರ ಕೊಡುವ ಆ ಕೆಲಸವನ್ನು ನೋಡಿದರೆ, ತುಂತುಣಿಯನ್ನು ನಮ್ಮ ಸೀಮೆಯ ಬೇಸ್ ಎಂದರೆ ತಪ್ಪಾಗಲಾರದು.

ಬೀಳಗಿಯ ಹೆಣ್ಣುಮಕ್ಕಳಾದ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯವರನ್ನು ಇಲ್ಲಿ ನೆನೆಯಬೇಕು. ಗೋಹರಬಾಯಿಯವರು ಬಾಲಗಂಧರ್ವರ ನಾಟಕ ಕಂಪನಿಯಲ್ಲಿ ಹೆಸರಾದರು. ಅಮೀರಬಾಯಿಯವರು ಮುಂಬಯಿಯ ಚಿತ್ರರಂಗದಲ್ಲಿ, ವಿಶೇಷವಾಗಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ, ದೇಶದಾದ್ಯಂತ ಮನೆಮಾತಾದರು, 1965ರಲ್ಲಿ ಕಾಲವಾದರು. ಅವರ ಕಾಲದ ಗ್ರಾಮಫೋನ್ ತಟ್ಟೆಗಳ ಮೇಲೆ ಗಾಯಕಿಯ ಹೆಸರಿರುತ್ತಿತ್ತು. ಹಿಂದೆ ನುಡಿಸಿದವರ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವರೂ ಹೊಟ್ಟೆಪಾಡಿಗಾಗಿ ದಿನಗೂಲಿಯಂತೆ ನುಡಿಸಿದವರೇ. ಹೆಸರಿಲ್ಲದ ಆ ಕೈಗಳಿಲ್ಲದಿದ್ದರೆ ಹೆಸರಾಂತ ಆ ಕಂಠವು ನಮ್ಮ ಕಿವಿಯನ್ನು ಹಾಗೆ ತುಂಬುತ್ತಿರಲಿಲ್ಲ.

ಗಿಟಾರು ಪರದೇಶದ ವಾದ್ಯವಲ್ಲವೆ, ಅದಕ್ಕೆ ದೇವಾಲಯದಲ್ಲೇನು ಕೆಲಸ ಎಂದು ನಮ್ಮ ಹಿರಿಯರು ಕೆಲವರು ಕೇಳಿದ್ದುಂಟು. ಹಾರ್ಮೋನಿಯಂ ಕೂಡ 19ನೆಯ ಶತಮಾನದಲ್ಲಿ ಪ್ಯಾರಿಸ್ಸಿನಿಂದ ಬಂದದ್ದೇ. ಕಾಲಿನಿಂದ ತುಳಿಯುತ್ತಿದ್ದ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದವರು ಕಲ್ಕತ್ತೆಯ ಕುಶಲಕರ್ಮಿಗಳು. ಅದು ನಮ್ಮ ಸಂಗೀತಕ್ಕೆ ಹೊಂದದೆಂದು ಆಕಾಶವಾಣಿಯು 1940ರಲ್ಲಿ ಅದನ್ನು ಹೊರಗಿಟ್ಟಿತು. ಮುಂದೆ ಬಾಗಿಲು ತೆರೆಯಲೇಬೇಕಾಯಿತು. ಇಂದು ಹಾರ್ಮೋನಿಯಂ ಇಲ್ಲದ ಪಾರಿಜಾತವಿಲ್ಲ, ಭಜನೆಯಿಲ್ಲ. ನಮ್ಮ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯೂ 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾವಿಧಿಯ ಸಂವಿಧಾನದಲ್ಲಿ ಪೈಪ್ ಆರ್ಗನ್ನಿಗೆ ಅಗ್ರಸ್ಥಾನವಿತ್ತು, ಪವಿತ್ರ ಕಾರ್ಯಕ್ಕೆ ಯೋಗ್ಯವಾಗುವ ಇತರ ವಾದ್ಯಗಳನ್ನೂ ಸ್ಥಳೀಯ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಲು ಅವಕಾಶ ನೀಡಿತು. ಆದುದರಿಂದ ಆ ಚರ್ಚೆಯನ್ನು ಇಲ್ಲಿಗೇ ಬಿಡೋಣ.

ಈಗ ಆ ತರುಣನ ವಿಷಯಕ್ಕೆ ಬರುತ್ತೇವೆ. ಅವನ ಹೆಸರು ಹೇಳುವುದಿಲ್ಲ. ನಾವು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಅವನು ಗಾನವೃಂದಕ್ಕೆ ಬೇಸ್ ನುಡಿಸುತ್ತಿದ್ದ. ನೇಕಾರರ ಮನೆಯ ಹುಡುಗ. ಭಾನುವಾರ ಬಲಿಪೂಜೆಯಲ್ಲಿ ನುಡಿಸಿ, ಉಳಿದ ದಿನಗಳಲ್ಲಿ ಮದುವೆ, ಜಾತ್ರೆ, ಗಣೇಶೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಬಾರಿಸುತ್ತಿದ್ದ. ಮುಂಗಡವೆಂದು ಸ್ವಲ್ಪ ಹಣ ಕೈಗೆ ಬಂದರೆ ಬಂತು. ಉಳಿದದ್ದು ಕಾರ್ಯಕ್ರಮ ಮುಗಿದ ಮೇಲೆ ಬೆಳಗಿನ ಜಾವ ಕಾಡಿ ಬೇಡಿ ಪಡೆಯಬೇಕು. ಬಸ್ಸಿನ ಮೇಲೆ ಪೆಟ್ಟಿಗೆ ಹೇರಿ ಮನೆ ಮುಟ್ಟುವಷ್ಟರಲ್ಲಿ ಅರ್ಧ ಹಣ ಖರ್ಚಾಗಿರುತ್ತಿತ್ತು.

ಅವನ ಗಿಟಾರು ಅಗ್ಗದ್ದು. ಕೆಟ್ಟರೆ ಪಟ್ಟಣದ ದೊಡ್ಡ ಅಂಗಡಿಗೆ ಒಯ್ಯುವ ಶಕ್ತಿಯಿಲ್ಲ, ತಾನೇ ಬಿಚ್ಚುತ್ತಿದ್ದ. ಒಮ್ಮೆ ನಮ್ಮ ಜಗುಲಿಯ ಮೇಲೆಯೇ ಬಿಚ್ಚಿ ತೋರಿಸಿದ. ತಂತಿಗಳ ಕೆಳಗೆ ಅಯಸ್ಕಾಂತದ ತುಂಡುಗಳು. ಅವುಗಳ ಸುತ್ತ ಕೂದಲಿಗಿಂತ ಸಣ್ಣದಾದ ತಾಮ್ರದ ಎಳೆಯ ಸಾವಿರಾರು ಸುತ್ತುಗಳು. ಉಕ್ಕಿನ ತಂತಿ ಮೇಲೆ ಮಿಡಿದಾಗ ಆ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನೇ ಹಿಗ್ಗಿಸಿ ಧ್ವನಿಯಾಗಿ ಹೊರಡಿಸುತ್ತದೆ. ಇದಕ್ಕೆ ಪಿಕಪ್ ಎನ್ನುತ್ತಾರೆ. ಅವನದರಲ್ಲಿ ಎಳೆ ಎಲ್ಲೋ ಒಳಗೆ ತುಂಡಾಗಿತ್ತು. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಅಂಗಡಿಯಲ್ಲಿ ತಾಮ್ರದ ಎಳೆ ಕೇಳಿದರೆ ಅಷ್ಟು ಸಣ್ಣದು ಸಿಗಲಿಲ್ಲ. ಹಳೆಯ ಟ್ರಾನ್ಸ್‌ಫಾರ್ಮರೊಂದನ್ನು ಬಿಚ್ಚಿ ಎಳೆ ತೆಗೆದು, ತಾಯಿ ಕಂಡಿಕೆ ಸುತ್ತುವ ರಾಟೆಯ ಮೇಲೆಯೇ ಎರಡು ರಾತ್ರಿ ಕುಳಿತು ಸುತ್ತಿದನಂತೆ. ಮಗ್ಗದ ಮನೆಯಲ್ಲಿ ಹುಟ್ಟಿದವನ ಬೆರಳಿಗೆ ಎಳೆಯ ಬಿಗಿತ ತಿಳಿಯದೆ ಇದ್ದೀತೆ? ಬಿಗಿ ಹೆಚ್ಚಾದರೆ ಹರಿಯುತ್ತದೆ, ಸಡಿಲಾದರೆ ಸುತ್ತು ಜಾರುತ್ತದೆ. ಗಿಟಾರು ಮತ್ತೆ ನುಡಿಯಿತು.

ಅಂದು ನಮಗೆ ಇದು ಹುಡುಗಾಟವೆನಿಸಿತ್ತು. ಹುಡುಗಾಟವಲ್ಲ. ಇಂದು ಲೋಕವೆಲ್ಲ ಬಳಸುವ ಬೇಸ್ ಗಿಟಾರಿಗೆ 1951ರಲ್ಲಿ ರೂಪಕೊಟ್ಟ ಅಮೆರಿಕದ ಲಿಯೊ ಫೆಂಡರ್ ಮೊದಲು ರೇಡಿಯೊ ರಿಪೇರಿಯವರು. ಗಿಟಾರು ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಿ, ಅದರ ದನಿ ಕೇಳಿಸದೆ ಸೋಲುತ್ತಿದ್ದ ವಾದ್ಯಗಾರರ ಕಷ್ಟವನ್ನು ಅವರು ಕಂಡರು. ನಮ್ಮ ಬೆಂಗಳೂರಿನಲ್ಲಿಯೂ ಕೊಳಲು ನುಡಿಸಬಲ್ಲ ಎಂಜಿನಿಯರ್ ಜಿ. ರಾಜನಾರಾಯಣ ಅವರು 1970ರ ದಶಕದ ಕೊನೆಯ ವೇಳೆಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ವಾದ್ಯವನ್ನು ಬಿಚ್ಚಿ ನೋಡುವ ಕುತೂಹಲದಿಂದಲೇ ಇವೆಲ್ಲ ಬಂದವು.

ಆದರೆ ಆ ಹುಡುಗನ ಗಿಟಾರಿನಿಂದ ಒಂದು ಗುಂಯ್‌ಗುಡುವ ಸಪ್ಪಳ ಸದಾ ಬರುತ್ತಿತ್ತು. ಕಾರಣವನ್ನು ಅವನೇ ತಿಳಿಸಿದ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದೆ. ಟ್ಯೂಬ್‌ಲೈಟು, ಮೋಟಾರು, ಟ್ರಾನ್ಸ್‌ಫಾರ್ಮರುಗಳ ಬಳಿ ಆ ಸುರುಳಿಯನ್ನು ಹಿಡಿದರೆ ಅದು ಆ ಆಟವನ್ನೂ ಹಿಡಿದುಕೊಳ್ಳುತ್ತದೆ. ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಮಿಡಿದರೆ ಅದರ ಪಕ್ಕದ್ದು 55 ಸಲ ಮಿಡಿಯುತ್ತದೆ. ಇವೆರಡರ ನಡುವೆಯೇ ವಿದ್ಯುತ್ತಿನ ಸಪ್ಪಳ ಬಂದು ಕೂರುವುದರಿಂದ, ಸಪ್ಪಳವನ್ನು ಸೋಸಲು ಹೋದರೆ ಸ್ವರವೂ ಸೋಸಿಹೋಗುತ್ತದೆ. 1957ರಲ್ಲಿ ಫೆಂಡರ್ ಕಾರ್ಖಾನೆ ಇದಕ್ಕೊಂದು ಉಪಾಯ ಬಳಸಿತು: ಒಂದು ಸುರುಳಿಯ ಬದಲು ಎರಡು, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ, ಅಯಸ್ಕಾಂತವೂ ತಿರುಗುಮುರುಗು. ಹೊರಗಿನ ಸಪ್ಪಳ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ತಂತಿಯ ನಾದ ಉಳಿಯುತ್ತದೆ. ಅಷ್ಟು ಒಳ್ಳೆಯ ಪಿಕಪ್ಪು ನಮ್ಮ ಹುಡುಗನ ಬಳಿ ಇರಲಿಲ್ಲ.

ಅದೊಂದು ವರ್ಷ ಏಪ್ರಿಲ್ ತಿಂಗಳಲ್ಲಿ ಹೊರಗಿನ ಮಂಟಪದಲ್ಲಿ ಕಾರ್ಯಕ್ರಮ. ನಮ್ಮ ಪ್ರಬೋಧನೆಯ ನಡುವೆ ಆ ಸಪ್ಪಳ ಬಿಡದೆ ಕೇಳಿಸುತ್ತಿತ್ತು. ನಮಗೆ ಸಿಟ್ಟು ಬಂತು. ಒಬ್ಬ ಹುಡುಗನ ಮೂಲಕ, ಏನಾದರೂ ಮಾಡಿ ಅದನ್ನು ನಿಲ್ಲಿಸು ಎಂದು ಹೇಳಿ ಕಳುಹಿಸಿದೆವು. ಅವನು ನಿಲ್ಲಿಸಿದ. ಆಂಪ್ಲಿಫೈಯರಿನ ಮೂರು ಕಡ್ಡಿಯ ಪ್ಲಗ್ಗಿನಿಂದ ಅರ್ಥಿಂಗ್ ತಂತಿಯನ್ನು ಕಳಚಿದ. ಸಪ್ಪಳ ತಗ್ಗಿತು. ನಮಗೆ ಸಮಾಧಾನವಾಯಿತು.

ಅರ್ಧ ಗಂಟೆಯ ಬಳಿಕ ಹಾಡಿನ ಪಲ್ಲವಿಗೆ ದನಿಗೂಡಿಸಲು ಅವನು ಮೈಕಿಗೆ ಬಾಗಿದ. ಎಡಗೈ ಗಿಟಾರಿನ ತಂತಿಯ ಮೇಲಿತ್ತು. ತುಟಿ ಮೈಕಿನ ಜಾಲರಿಗೆ ತಾಗಿದ್ದೇ ತಡ, ಕೂಗಲೂ ಆಗದೆ ಗಿಟಾರಿನೊಡನೆ ಬೋರಲಾಗಿ ಬಿದ್ದ. ಯಾರೋ ಜಾಣರು ಓಡಿ ಮೇನ್ ಸ್ವಿಚ್ಚು ತೆಗೆದರು. ದೇವರ ದಯೆಯಿಂದ ಜೀವ ಉಳಿಯಿತು. ಎಡಗೈಯ ಎರಡು ಬೆರಳು ಸುಟ್ಟಿದ್ದವು.

ನಡೆದದ್ದೇನು ಎಂಬುದನ್ನು ಎಲ್ಲ ವಾದ್ಯಗಾರರೂ ಅರಿತಿರಬೇಕು. ಆಂಪ್ಲಿಫೈಯರಿನ ಲೋಹದ ಚೌಕಟ್ಟು, ಕೇಬಲ್ಲಿನ ಹೊರ ಹೆಣಿಗೆ, ಗಿಟಾರಿನ ತಂತಿಗಳು – ಇವೆಲ್ಲ ಒಂದಕ್ಕೊಂದು ಜೋಡಿಸಿರುತ್ತವೆ. ಹಳೆಯ ಆಂಪ್ಲಿಫೈಯರಿನಲ್ಲಿ ಒಳಗೆಲ್ಲೋ ಕವಚ ಸವೆದು ವಿದ್ಯುತ್ತು ಚೌಕಟ್ಟಿಗೆ ಸೋರಿದರೆ, ಅರ್ಥಿಂಗ್ ಇದ್ದಾಗ ಅದು ನೆಲಕ್ಕಿಳಿಯುತ್ತದೆ, ಫ್ಯೂಸು ಹೋಗುತ್ತದೆ. ಅರ್ಥಿಂಗ್ ತೆಗೆದರೆ ಅದು ಗಿಟಾರಿನ ತಂತಿಯಲ್ಲಿ ಕಾದು ಕುಳಿತಿರುತ್ತದೆ. ಮೈಕು ಇನ್ನೊಂದು ಯಂತ್ರದ ಮೂಲಕ ನೆಲಕ್ಕೆ ಜೋಡಿಸಿರುವುದರಿಂದ, ಬೆರಳು ತಂತಿಯ ಮೇಲೂ ತುಟಿ ಮೈಕಿನ ಮೇಲೂ ಇದ್ದಾಗ, ಎರಡರ ನಡುವಿನ ದಾರಿ ಮನುಷ್ಯನ ಎದೆಯೇ. ಇದರ ಮೇಲೆ ನಮ್ಮ ಸೀಮೆಯದೊಂದು ಸಂಕಟವಿದೆ. ಮದುವೆ, ಜಾತ್ರೆಗಳ ಕಾಲ ಬೇಸಿಗೆ. ಎರೆ ಮಣ್ಣು ಒಣಗಿ ಬಿರಿಯುವ ಕಾಲವೂ ಅದೇ. ಒಣ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಾರ್ಯಕ್ರಮಗಳು ಹೆಚ್ಚಾಗಿರುವ ತಿಂಗಳಲ್ಲಿಯೇ ರಕ್ಷಣೆ ಕಡಿಮೆಯಾಗಿರುತ್ತದೆ.

ಮರುದಿನ ಆಸ್ಪತ್ರೆಗೆ ಹೋದೆವು. ಯಾಕಪ್ಪಾ ಹೀಗೆ ಮಾಡಿದೆ, ಅಪಾಯವೆಂದು ನಿನಗೆ ತಿಳಿಯದೆ ಎಂದು ಕೇಳಿದೆವು. ಅವನು ಮೆಲ್ಲಗೆ, “ಗೊತ್ತಿತ್ತರಿ ಫಾದರ್. ನೀವ ಹೇಳಿ ಕಳಿಸಿದ್ರೆಲ್ಲಾ, ಸಪ್ಪಳ ಬಂದ್ ಮಾಡು ಅಂತ” ಎಂದ. ಆ ಮಾತಿನಲ್ಲಿ ದೂರಿರಲಿಲ್ಲ. ಅದರಿಂದಲೇ ಅದು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅವನ ತಾಯಿ ಪಕ್ಕದಲ್ಲಿ ಕುಳಿತಿದ್ದರು. ಆ ಬೇಸಿಗೆಗೆ ಒಪ್ಪಿಕೊಂಡಿದ್ದ ಏಳು ಕಾರ್ಯಕ್ರಮಗಳು ತಪ್ಪಿಹೋದವೆಂದೂ ಮುಂಗಡ ಹಿಂದಿರುಗಿಸಬೇಕೆಂದೂ ಹೇಳಿದರು. ಆಗ ಲೆಕ್ಕ ಹಾಕಿದೆವು: ನಾಲ್ಕು ವರ್ಷ ನಮ್ಮ ಗಾನವೃಂದಕ್ಕೆ ನುಡಿಸಿದ ಅವನಿಗೆ ನಾವು ಕೊಟ್ಟದ್ದು ಕ್ರಿಸ್ಮಸ್ಸಿಗೊಂದು ಕೇಕು, ಒಂದು ಶಾಲು. ಹೂವಿನ ಅಲಂಕಾರದವನಿಗೆ, ಪೆಂಡಾಲಿನವನಿಗೆ ಹಣ ಎಣಿಸಿ ಕೊಟ್ಟಿದ್ದೆವು. ವಾದ್ಯಗಾರನಿಗೆ ಮಾತ್ರ ‘ಸೇವೆ’ ಎಂಬ ಮಾತನ್ನು ಕೊಟ್ಟಿದ್ದೆವು. ದುಡಿದವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಪವಿತ್ರ ಗ್ರಂಥದಿಂದ ಬೋಧಿಸಿದ ಬಾಯಿ ನಮ್ಮದೇ.

ಸೇವೆಯೆಂಬುದು ಕೊಡುವವನು ತಾನಾಗಿ ಹೇಳಬೇಕಾದ ಮಾತು. ಪಡೆಯುವವನು ಅದನ್ನು ಹೇಳಿದರೆ ಅದು ಲೆಕ್ಕ ತಪ್ಪಿಸುವ ಉಪಾಯವಾಗುತ್ತದೆ. ಇದನ್ನು ನಾವು ಕಲಿತದ್ದು ಗುರುಮಠದಲ್ಲಿ ಅಲ್ಲ, ಆ ಆಸ್ಪತ್ರೆಯ ಮಂಚದ ಬಳಿ.

ಆದುದರಿಂದ ಯುವಮಿತ್ರರೇ, ನಿಮಗೆ ಕೆಲವು ಮಾತು. ವಾದ್ಯವನ್ನು ಬಿಚ್ಚಿ ನೋಡಿ, ಕಲಿಯಿರಿ. ಗಿಟಾರಿನ ಪಿಕಪ್ಪಿನ ಗೂಡಿಗೆ ಒಳಗಿನಿಂದ ತೆಳು ತಾಮ್ರದ ಹಾಳೆ ಅಂಟಿಸಿ ಅದನ್ನು ವಾದ್ಯದ ಗ್ರೌಂಡ್ ತಂತಿಗೆ ಜೋಡಿಸಿದರೆ ಎಷ್ಟೋ ಸಪ್ಪಳ ತಗ್ಗುತ್ತದೆ. ಟ್ಯೂಬ್‌ಲೈಟು, ಟ್ರಾನ್ಸ್‌ಫಾರ್ಮರುಗಳಿಂದ ದೂರ ನಿಲ್ಲಿರಿ. ಆದರೆ ಅರ್ಥಿಂಗನ್ನು ಯಾರು ಹೇಳಿದರೂ, ಗುರುಗಳೇ ಹೇಳಿದರೂ, ಕಳಚಬೇಡಿ. ಮೈಕಿನ ಯಂತ್ರ, ಗಿಟಾರಿನ ಯಂತ್ರ ಎರಡಕ್ಕೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ವಿದ್ಯುತ್ತು ತೆಗೆದುಕೊಳ್ಳಿ. ಹಾಡುವ ಮುನ್ನ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಗಿಟಾರಿನ ತಂತಿಗೂ ಇನ್ನೊಂದನ್ನು ಮೈಕಿನ ಜಾಲರಿಗೂ ಮುಟ್ಟಿಸಿ ನೋಡಿ; ವೋಲ್ಟೇಜು ತೋರಿಸಿದರೆ ವೇದಿಕೆ ಹತ್ತಬೇಡಿ.

ಧರ್ಮಕೇಂದ್ರದ ಹಿರಿಯರಿಗೂ ಒಂದು ಮಾತು. ಈ ಶತಮಾನೋತ್ಸವದ ಖರ್ಚಿನ ಪಟ್ಟಿಯಲ್ಲಿ ದೀಪಾಲಂಕಾರಕ್ಕಿಂತ ಮೇಲೆ ಎರಡು ಬಾಬುಗಳನ್ನು ಸೇರಿಸಿದ್ದೇವೆ. ಮೊದಲನೆಯದು ಮಂಟಪದ ಬಳಿ ಹೊಸ ಅರ್ಥಿಂಗ್ ಗುಂಡಿ, ಮತ್ತು 30 ಮಿಲಿಆಂಪಿಯರ್ ಸೋರಿದರೂ ಕ್ಷಣದಲ್ಲಿ ವಿದ್ಯುತ್ತು ಕಡಿದುಹಾಕುವ ಸ್ವಿಚ್ಚು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವ ಕೆಲಸವನ್ನು ನಾವೇ ವಹಿಸಿಕೊಂಡಿದ್ದೇವೆ. ಎರಡನೆಯದು ವಾದ್ಯಗಾರರ ಸಂಭಾವನೆ. ಅದನ್ನು ಕಾರ್ಯಕ್ರಮದ ದಿನವೇ, ಅವರು ಮನೆಗೆ ಹೊರಡುವ ಮುನ್ನ ಕೈಯಲ್ಲಿಡತಕ್ಕದ್ದು. ಬೇಡವೆನ್ನುವವರು ಪಡೆದ ಮೇಲೆ ಕಾಣಿಕೆ ಪೆಟ್ಟಿಗೆಗೆ ಹಾಕಲಿ. ಅದು ಅವರ ಸೇವೆ.

ಆ ತರುಣ ಬೆರಳು ಮಾಗಿದ ಮೇಲೆ ಮತ್ತೆ ಬೇಸ್ ಹಿಡಿದ. ಒಂದು ಬೆರಳು ಮೊದಲಿನಂತೆ ಬಾಗುವುದಿಲ್ಲ. ಮೂರರಲ್ಲೇ ನುಡಿಸುವುದನ್ನು ರೂಢಿಸಿಕೊಂಡಿದ್ದಾನೆ. ಈಗ ಅನೇಕ ಮೇಳಗಳ ವಾದ್ಯ, ಯಂತ್ರಗಳನ್ನು ರಿಪೇರಿ ಮಾಡಿಕೊಡುತ್ತಾನೆ. ಅವನ ಅಂಗಡಿಯಲ್ಲಿ ಅರ್ಥಿಂಗ್ ಇಲ್ಲದ ಪ್ಲಗ್ಗು ಹೊರಗೆ ಹೋಗುವುದಿಲ್ಲ.

ನೂರು ವರ್ಷಗಳ ಈ ದೇವಾಲಯದ ಗೋಪುರವನ್ನು ಎಲ್ಲರೂ ನೋಡುತ್ತಾರೆ, ಅದರ ಅಡಿಗಲ್ಲನ್ನು ಯಾರೂ ನೋಡುವುದಿಲ್ಲ. ಬೇಸಿನ ಸ್ವರವೂ ನೆಲದೊಳಗಿನ ಆ ತಾಮ್ರದ ತಂತಿಯೂ ಅಡಿಗಲ್ಲಿನ ಜಾತಿಯವು. ಮುಂದಿನ ನೂರು ವರ್ಷ ಇಲ್ಲಿ ಹಾಡುವವರ ಹಿಂದೆ ನುಡಿಸುವವರು ಸುರಕ್ಷಿತರಾಗಿ ಗೌರವದಿಂದ ಬಾಳಲೆಂದು ಹಾರೈಸಿ, ನಿಮ್ಮೆಲ್ಲರಿಗೂ ದೇವರ ಆಶೀರ್ವಾದವನ್ನು ಬೇಡಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.