ಚೆಂಡಾಟದ ಅಂಗಣವನ್ನು ಕಟ್ಟಿದವರು

(ಸಂಘದ ಮೇ ದಿನದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೇ ದಿನದ ಸಭೆಯಲ್ಲಿ ಕಾಲ್ಚೆಂಡಾಟದ ಮಾತೇಕೆ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ನಾವು ಆಟದ ಬಗೆಗೆ ಮಾತನಾಡಲು ನಿಂತಿಲ್ಲ. ಆಟ ನಡೆದ ಅಂಗಣಗಳ ಬಗೆಗೆ, ಅವನ್ನು ಕಟ್ಟಿದ ಕೈಗಳ ಬಗೆಗೆ ನಾಲ್ಕು ಮಾತು ಹೇಳಲು ನಿಂತಿದ್ದೇವೆ. ಆ ಕೈಗಳಲ್ಲಿ ಬಹುಪಾಲು ನಮ್ಮ ದೇಶದ ಮತ್ತು ನಮ್ಮ ನೆರೆಯ ದೇಶಗಳ ಬಡವರವು. ಆದುದರಿಂದ ಈ ಮಾತು ಇಲ್ಲಿಗೆ ಹೊರಗಿನದಲ್ಲ.

2022ರ ವಿಶ್ವಕಪ್ ಪಂದ್ಯಾವಳಿ ಕತಾರ್ ದೇಶದಲ್ಲಿ ನಡೆಯಿತು. ಕತಾರ್ ಎಂದರೆ ಅರಬಸ್ತಾನದ ಪೂರ್ವದ ಅಂಚಿನಿಂದ ಕೊಲ್ಲಿಯೊಳಕ್ಕೆ ಚಾಚಿಕೊಂಡ ಪುಟ್ಟ ನೆಲ. ಜನಸಂಖ್ಯೆ ಸುಮಾರು 30 ಲಕ್ಷ; ಅದರಲ್ಲಿ ಆ ದೇಶದ ಪ್ರಜೆಗಳು ಹತ್ತರಲ್ಲಿ ಒಬ್ಬರ ಆಸುಪಾಸು. ಉಳಿದವರೆಲ್ಲ ದುಡಿಯಲು ಹೊರಗಿನಿಂದ ಬಂದವರು. 2010ರ ಡಿಸೆಂಬರ್ 2ರಂದು ಫೀಫಾ ಸಂಸ್ಥೆ ಪಂದ್ಯಾವಳಿಯನ್ನು ಈ ದೇಶಕ್ಕೆ ಕೊಟ್ಟಿತು. ಆಗ ಅಲ್ಲಿ ಲೆಕ್ಕಕ್ಕೆ ಹಿಡಿಯುವಂತಹ ದೊಡ್ಡ ಕ್ರೀಡಾಂಗಣ 1976ರಲ್ಲಿ ಕಟ್ಟಿದ ಖಲೀಫಾ ಕ್ರೀಡಾಂಗಣವೊಂದೇ. ಹನ್ನೆರಡು ವರ್ಷಗಳೊಳಗೆ ಅದನ್ನು ಹೊಸದು ಮಾಡಿ, ಇನ್ನೂ ಏಳನ್ನು ನೆಲದಿಂದ ಎಬ್ಬಿಸಿದರು. ರಸ್ತೆ, ಮೆಟ್ರೋ ರೈಲು, ಹೋಟೆಲುಗಳ ಸಾಲು, ಲುಸೈಲ್ ಎಂಬ ಹೊಸ ಪಟ್ಟಣ, ಇವೆಲ್ಲ ಅದರ ಜೊತೆಗೆ ಎದ್ದವು.

ಆ ಕಟ್ಟಡಗಳ ಚೆಲುವು ನಿರ್ವಿವಾದ. ಅಲ್ ಖೋರ್‌ನ ಅಲ್ ಬೈತ್ ಕ್ರೀಡಾಂಗಣ ಮರಳುಗಾಡಿನ ಅಲೆಮಾರಿಗಳ ಗುಡಾರದ ಆಕಾರದ್ದು. ಅಲ್ ಥುಮಾಮಾದ್ದು ಅರಬ ಗಂಡಸರು ತಲೆಗೆ ಹಾಕುವ ಹೆಣೆದ ಟೊಪ್ಪಿಗೆಯ ಆಕಾರದ್ದು. 974 ಎಂಬ ಹೆಸರಿನದನ್ನು ಹಡಗಿನಲ್ಲಿ ಸರಕು ಸಾಗಿಸುವ 974 ಕಂಟೇನರುಗಳನ್ನು ಜೋಡಿಸಿ, ಆಟ ಮುಗಿದ ಮೇಲೆ ಕಳಚಬಹುದಾದಂತೆ ಕಟ್ಟಿದರು. ಆ ದೇಶದ ಟೆಲಿಫೋನ್ ಸಂಖ್ಯೆಯೂ ಅದೇ. ಅಲ್ ರಯ್ಯಾನ್‌ನ ಅಹ್ಮದ್ ಬಿನ್ ಅಲಿ ಕ್ರೀಡಾಂಗಣದ ನಿರ್ಮಾಣದಲ್ಲಿ ನಮ್ಮ ಮುಂಬಯಿಯ ಲಾರ್ಸನ್ ಅಂಡ್ ಟೂಬ್ರೋ ಕಂಪೆನಿಯೂ ಪಾಲುದಾರನಾಗಿತ್ತು. ಲುಸೈಲ್ ಕ್ರೀಡಾಂಗಣದಲ್ಲಿ 2022ರ ಡಿಸೆಂಬರ್ 18ರಂದು ಅರ್ಜೆಂಟೀನಾ ಫ್ರಾನ್ಸನ್ನು ಸೋಲಿಸಿದ ಅಂತಿಮ ಪಂದ್ಯವನ್ನು 88,966 ಮಂದಿ ಕುಳಿತು ಕಂಡರು. ಆ ಅಷ್ಟೂ ಕುರ್ಚಿಗಳನ್ನು ಯಾರೋ ಒಬ್ಬೊಬ್ಬರು ಬಗ್ಗಿ ನಿಂತು ತಿರುಪು ಬಿಗಿದು ಕೂಡಿಸಿದ್ದರು ಎಂಬುದು ಕುಳಿತವರ ನೆನಪಿಗೆ ಬಂದಿರಲಾರದು.

ಈಗ ಒಂದು ಸಂಗತಿಯನ್ನು ತಾವು ಲಕ್ಷ್ಯವಿಟ್ಟು ಕೇಳಬೇಕು. ವಿಶ್ವಕಪ್ ಸಾಮಾನ್ಯವಾಗಿ ಜೂನ್, ಜುಲೈ ತಿಂಗಳ ಪಂದ್ಯಾವಳಿ. ಆದರೆ ಕತಾರಿನ ಆ ತಿಂಗಳುಗಳ ಬಿಸಿಲಿನಲ್ಲಿ ತೊಂಬತ್ತು ನಿಮಿಷ ಓಡುವುದು ಆಟಗಾರರ ಪ್ರಾಣಕ್ಕೆ ಅಪಾಯವೆಂದು ಎಲ್ಲರೂ ಒಪ್ಪಿದರು. 2015ರಲ್ಲಿ ಫೀಫಾ ಪಂದ್ಯಾವಳಿಯನ್ನು ನವೆಂಬರ್, ಡಿಸೆಂಬರ್‌ಗೆ ಸರಿಸಿತು. ಯೂರೋಪಿನ ಶ್ರೀಮಂತ ಲೀಗುಗಳು ತಮ್ಮ ಪಂದ್ಯಗಳನ್ನು ನಡುವೆ ನಿಲ್ಲಿಸಿದವು. ಇಷ್ಟಾಗಿಯೂ ಸಾಲದೆಂದು ಎಂಟರಲ್ಲಿ ಏಳು ಕ್ರೀಡಾಂಗಣಗಳಿಗೆ ತಂಪು ಗಾಳಿಯ ಯಂತ್ರಗಳನ್ನು ಕೂಡಿಸಿದರು. ಆಟಗಾರನ ಮೈ ಕಾಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಅವನೂ ಮೈಯಿಂದಲೇ ದುಡಿಯುವವನು. ಆದರೆ ಅದೇ ಅಂಗಣದ ಮಾಡಿನ ಮೇಲೆ ಕಂಬಿ ಕಟ್ಟುವವನು, ಸಾರುವೆ ಏರುವವನು, ವೆಲ್ಡಿಂಗ್ ಮಾಡುವವನು ಹತ್ತು ಬೇಸಗೆಗಳನ್ನು ಅದೇ ಬಿಸಿಲಿನಲ್ಲಿ ಕಳೆದ. ಅವನಿಗಾಗಿ ಯಾವ ಪಂಚಾಂಗವೂ ಸರಿಯಲಿಲ್ಲ.

2007ರ ಕಾಯಿದೆಯೊಂದು ಬೇಸಗೆಯಲ್ಲಿ ಹಗಲು ಹನ್ನೊಂದೂವರೆಯಿಂದ ಮೂರರವರೆಗೆ ಬಯಲು ಕೆಲಸ ಕೂಡದೆಂದು ಹೇಳಿತ್ತು, ನಿಜ. ಆ ಹೊತ್ತು ಬೆಳಿಗ್ಗೆ ಹತ್ತರಿಂದ ಮೂರೂವರೆಯವರೆಗೆ ಹಿಗ್ಗಿದ್ದು 2021ರ ಮೇ ತಿಂಗಳಿನಲ್ಲಿ. ಬಿಸಿಲು, ಗಾಳಿ, ತೇವ ಮೂರನ್ನೂ ಕೂಡಿಸಿ ಅಳೆಯುವ ಮಾಪನ 32.1 ಡಿಗ್ರಿ ದಾಟಿದರೆ ಯಾವ ಗಳಿಗೆಯಲ್ಲಾದರೂ ಕೆಲಸ ನಿಲ್ಲಿಸಬೇಕೆಂಬ ನಿಯಮವೂ ಆಗಲೇ ಬಂದದ್ದು. ಒಳ್ಳೆಯ ನಿಯಮ. ಆದರೆ ಅದು ಬರುವ ಹೊತ್ತಿಗೆ ಎಂಟರಲ್ಲಿ ನಾಲ್ಕು ಕ್ರೀಡಾಂಗಣಗಳ ಉದ್ಘಾಟನೆಯೇ ಆಗಿಹೋಗಿತ್ತು!

ಸತ್ತವರೆಷ್ಟು ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಬಗೆಬಗೆಯ ಉತ್ತರಗಳಿವೆ. ನಮ್ಮ ಸಂಘದವರು ಅವನ್ನು ಬೇರೆಬೇರೆಯಾಗಿಯೇ ತಿಳಿದಿರಬೇಕು. ಕೇಳಿದ ಅಂಕಿಯನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದರೆ ನಮ್ಮ ಮಾತಿನ ತೂಕವೇ ಹೋಗುತ್ತದೆ. ಲಂಡನ್ನಿನ ಗಾರ್ಡಿಯನ್ ಪತ್ರಿಕೆ 2021ರ ಫೆಬ್ರವರಿಯಲ್ಲಿ, ಪಂದ್ಯಾವಳಿ ಸಿಕ್ಕಿದಂದಿನಿಂದ ಹತ್ತು ವರ್ಷಗಳಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳ 6,500ಕ್ಕೂ ಮಿಕ್ಕಿ ಕೆಲಸಗಾರರು ಕತಾರಿನಲ್ಲಿ ತೀರಿಕೊಂಡರೆಂದು ಬರೆಯಿತು. ಅವರಲ್ಲಿ ಭಾರತೀಯರು 2,711. ಇದು ಎಲ್ಲ ಉದ್ಯೋಗಗಳ, ಎಲ್ಲ ಕಾರಣಗಳ ಮರಣ, ಕ್ರೀಡಾಂಗಣಗಳದು ಮಾತ್ರವಲ್ಲ. ಕ್ರೀಡಾಂಗಣಗಳನ್ನು ಕಟ್ಟಿಸಿದ ಸಮಿತಿಯಾದರೋ, ತನ್ನ ಕಾಮಗಾರಿಗಳಲ್ಲಿ ಕೆಲಸದ ಕಾರಣದಿಂದ ಸತ್ತವರು 3, ಇತರ ಕಾರಣಗಳಿಂದ 37 ಎಂದಿತು. ಅದೇ ಸಮಿತಿಯ ಮುಖ್ಯಸ್ಥರು 2022ರ ನವೆಂಬರಿನಲ್ಲಿ, ವಿಶ್ವಕಪ್ಪಿಗೆ ಸಂಬಂಧಿಸಿದ ಎಲ್ಲ ಕೆಲಸಗಳನ್ನೂ ಹಿಡಿದರೆ 400ರಿಂದ 500 ಎಂದು ಟೆಲಿವಿಷನ್ನಿನಲ್ಲಿ ನುಡಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಂತೆ 2020ರ ಒಂದೇ ವರ್ಷ, ಎಲ್ಲ ಉದ್ಯೋಗಗಳೂ ಸೇರಿ, ಕೆಲಸದಿಂದ ಮಡಿದವರು 50, ತೀವ್ರವಾಗಿ ಗಾಯಗೊಂಡವರು 506.

ಮೂರು ಎಂಬುದಕ್ಕೂ ಆರೂವರೆ ಸಾವಿರ ಎಂಬುದಕ್ಕೂ ನಡುವೆ ಇರುವ ಕಂದಕ ಎಲ್ಲಿಂದ ಬಂತು? ಎಣಿಸುವ ವ್ಯಾಪ್ತಿ ಬೇರೆಯೆಂಬುದು ಒಂದು ಕಾರಣ. ಇನ್ನೊಂದು ಕಾರಣ ಮರಣಪತ್ರದಲ್ಲಿದೆ. ಮೂವತ್ತು ವರ್ಷದ ಗಟ್ಟಿಮುಟ್ಟಾದ ಆಳು ಹಗಲೆಲ್ಲ ಬಿಸಿಲಿನಲ್ಲಿ ದುಡಿದು ರಾತ್ರಿ ಮಲಗಿದಲ್ಲಿಯೇ ಹೆಣವಾದರೆ, ಪತ್ರದಲ್ಲಿ ‘ಹೃದಯ ನಿಂತಿತು’ ಅಥವಾ ‘ಸಹಜ ಮರಣ’ ಎಂದು ಬರೆದು ಮುಗಿಸುವುದು ಅಲ್ಲಿ ಬಹಳ ಕಾಲ ನಡೆಯಿತು. ಹೃದಯ ನಿಲ್ಲದೆ ಸತ್ತವರನ್ನು ಯಾರು ಕಂಡಿದ್ದಾರೆ? ನೇಪಾಳದ ಕೆಲಸಗಾರರ ಮರಣಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು, 2009ರಿಂದ 2017ರವರೆಗಿನ 571 ಹೃದಯಸಂಬಂಧದ ಸಾವುಗಳಲ್ಲಿ 200ರಷ್ಟನ್ನು, ಬಿಸಿಲಿನಿಂದ ಸರಿಯಾದ ರಕ್ಷಣೆಯಿದ್ದಿದ್ದರೆ ತಪ್ಪಿಸಬಹುದಿತ್ತೆಂದು ಹೇಳಿತು. ‘ಸಹಜ’ ಎಂಬ ಆ ಒಂದು ಪದ ಬಿದ್ದರೆ ಕೆಲಸಕ್ಕೂ ಸಾವಿಗೂ ಇದ್ದ ನಂಟು ಕಡಿಯಿತು. ನಂಟು ಕಡಿದರೆ ಪರಿಹಾರವೂ ಇಲ್ಲ. ಊರಿನಲ್ಲಿ ಉಳಿದ ಹೆಂಡತಿ ಮಕ್ಕಳಿಗೆ ಹೆಣವೂ ಸಾಲವೂ ಒಟ್ಟಿಗೆ ಬಂದು ಸೇರುತ್ತವೆ.

ಇಷ್ಟೆಲ್ಲ ಆಗುವಾಗ ಕೆಲಸಗಾರರು ಬಿಟ್ಟು ಬರಬಾರದಿತ್ತೇ ಎಂದು ಕೇಳುವವರಿದ್ದಾರೆ. ‘ಕಫಾಲಾ’ ಎಂಬ ಅಲ್ಲಿನ ಪದ್ಧತಿಯನ್ನು ತಿಳಿದರೆ ಆ ಪ್ರಶ್ನೆ ಏಳದು. ಕರೆಸಿಕೊಂಡ ಧಣಿಯೇ ಆಳಿಗೆ ಜಾಮೀನುದಾರ. ಅವನ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ; ಅವನ ಒಪ್ಪಿಗೆಯಿಲ್ಲದೆ ದೇಶ ಬಿಟ್ಟು ಹೊರಡುವಂತೆಯೂ ಇರಲಿಲ್ಲ. ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧವಾಗಿದ್ದರೂ ಹಾಗೆ ಮಾಡುವ ಧಣಿಗಳು ಬಹಳ ಮಂದಿಯಿದ್ದರು. ಇದರ ಮೇಲೆ ಉಪಗುತ್ತಿಗೆಯ ಏಣಿ: ದೊಡ್ಡ ಗುತ್ತಿಗೆದಾರ, ಅವನ ಕೆಳಗೆ ಚಿಕ್ಕವನು, ಅವನ ಕೆಳಗೆ ಇನ್ನೂ ಚಿಕ್ಕವನು. ಅಲ್ ಬೈತ್ ಕ್ರೀಡಾಂಗಣದ ಕೆಲಸದಲ್ಲಿದ್ದ ಸುಮಾರು 100 ಮಂದಿಗೆ ಏಳು ತಿಂಗಳವರೆಗೂ ಪಗಾರ ಬಾಕಿಯಿತ್ತೆಂದು ಆಮ್ನೆಸ್ಟಿ ಸಂಸ್ಥೆ 2020ರ ಜೂನಿನಲ್ಲಿ ಬಯಲಿಗೆಳೆಯಿತು. ಪಂದ್ಯಾವಳಿಗೆ ಮೂರು ತಿಂಗಳಿರುವಾಗ, 2022ರ ಆಗಸ್ಟ್ 14ರಂದು ದೋಹಾ ನಗರದಲ್ಲಿ ಬಾಕಿ ಪಗಾರಕ್ಕಾಗಿ ಸುಮಾರು 60 ಮಂದಿ ಬೀದಿಗಿಳಿದರು. ಅವರಲ್ಲಿ ಕೆಲವರನ್ನು ಹಿಡಿದು ದೇಶದಿಂದ ಹೊರಗಟ್ಟಿದರು. ಕೂಲಿ ಕೇಳಿದ್ದಕ್ಕೆ ಸಿಕ್ಕಿದ ಕೂಲಿ ಅದು!

ಆದರೆ ಕತಾರಿನಲ್ಲಿ ಏನೂ ಬದಲಾಗಲಿಲ್ಲವೆಂದರೆ ಅದು ಸುಳ್ಳಾಗುತ್ತದೆ. ಹೇಗೆ ಬದಲಾಯಿತು ಎಂಬುದರಲ್ಲಿಯೇ ನಮಗೆ ಪಾಠವಿದೆ. 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನದಲ್ಲಿ ಹಲವು ದೇಶಗಳ ಕಾರ್ಮಿಕ ಪ್ರತಿನಿಧಿಗಳು ಸೇರಿ ಕತಾರಿನ ಮೇಲೆ ದೂರು ಕೊಟ್ಟರು. ಅದು ಮೂರು ವರ್ಷ ತಲೆಯ ಮೇಲೆ ಕತ್ತಿಯಂತೆ ತೂಗಿತು. 2016ರಲ್ಲಿ ಕಟ್ಟಡ ಕೆಲಸಗಾರರ ಜಾಗತಿಕ ಒಕ್ಕೂಟ, ಕ್ರೀಡಾಂಗಣ ಸಮಿತಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸದ ಜಾಗಗಳನ್ನು ತಾನೂ ತಪಾಸಣೆ ಮಾಡುವ ಹಕ್ಕನ್ನು ಪಡೆಯಿತು. 2017ರ ನವೆಂಬರಿನಲ್ಲಿ ಸರಕಾರ ಸುಧಾರಣೆಗೆ ಒಪ್ಪಿದ ಮೇಲೆಯೇ ಆ ದೂರು ಮುಗಿದದ್ದು. 2018ರಲ್ಲಿ ಬಹುಮಂದಿಗೆ ನಿರ್ಗಮನ ಪರವಾನಗಿಯ ಕಟ್ಟು ಬಿಚ್ಚಿತು. 2020ರಲ್ಲಿ ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವ ಕಾನೂನು ಬಂತು. 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಕೂಲಿ, ಊಟ ವಸತಿ ಕೊಡದಿದ್ದರೆ ಮೇಲೆ 300 ಮತ್ತು 500 ರಿಯಾಲ್ ಎಂದು ಗೊತ್ತಾಯಿತು. ಕಾಗದದ ಮೇಲಿನ ಕಾನೂನು ಎಲ್ಲ ಧಣಿಗಳ ಮನೆಬಾಗಿಲಿಗೆ ಮುಟ್ಟಲಿಲ್ಲವೆಂಬುದೂ ದಿಟ. ಆದರೂ ಒಂದೊಂದು ಮೆಟ್ಟಲೂ ಯಾರದೋ ದಯೆಯಿಂದ ಬಂದದ್ದಲ್ಲ. ಸಂಘಟಿತ ಕಾರ್ಮಿಕರ ಒತ್ತಾಯದಿಂದ ಬಂದದ್ದು. ಮಗು ಅಳದಿದ್ದರೆ ಹೆತ್ತ ತಾಯಿಯೂ ಹಾಲೂಡಿಸಳೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಅಳುವ ದನಿ ಹೊರದೇಶದ್ದಾಗಿತ್ತು. ವಲಸೆ ಕೆಲಸಗಾರನಿಗೆ ಅಲ್ಲಿ ತನ್ನದೇ ಸಂಘ ಕಟ್ಟುವ ಹಕ್ಕು ಸಿಗಲಿಲ್ಲ. ಈ ಕೊರತೆಯ ಬೆಲೆ ತಿಳಿಯಬೇಕಾದರೆ ದಕ್ಷಿಣ ಆಫ್ರಿಕವನ್ನು ನೋಡಬೇಕು. 2010ರ ವಿಶ್ವಕಪ್ ಅಲ್ಲಿಯದು. ಆಟಕ್ಕೆ ಇನ್ನು ಹನ್ನೊಂದು ತಿಂಗಳಿರುವಾಗ, 2009ರ ಜುಲೈಯಲ್ಲಿ, ಕ್ರೀಡಾಂಗಣಗಳನ್ನೂ ಇತರ ಕಾಮಗಾರಿಗಳನ್ನೂ ಕಟ್ಟುತ್ತಿದ್ದ ಸುಮಾರು 70,000 ಕಾರ್ಮಿಕರು ಸಲಿಕೆ ಕೆಳಗಿಟ್ಟರು. ಕೂಲಿಯಲ್ಲಿ ನೂರಕ್ಕೆ 13ರ ಏರಿಕೆ ಕೇಳಿದರು. ಒಂದು ವಾರ ಮುಷ್ಕರ ನಡೆಯಿತು. ನೂರಕ್ಕೆ 12 ಕೈಗೆ ಬಂತು. ಕ್ರೀಡಾಂಗಣಗಳೂ ಹೊತ್ತಿಗೆ ಸರಿಯಾಗಿ ಮುಗಿದವು. ಕೂಲಿ ಹೆಚ್ಚಿಸಿದರೆ, ಸಂಘಕ್ಕೆ ಬಾಯಿ ಕೊಟ್ಟರೆ ಕಟ್ಟಡ ಮೇಲೇಳದು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಮುಂಬಯಿಯ ನಮಗೂ ಇದು ಹೊಸತಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕೆಲಸಗಾರರನ್ನು ಒಗ್ಗೂಡಿಸಿ ಹೋರಾಡಿದ ಮೇಲೆಯೇ 1890ರ ಜೂನ್ 10ರಂದು ಇಲ್ಲಿಯ ಗಿರಣಿಗಳಲ್ಲಿ ಭಾನುವಾರದ ರಜೆ ಗೊತ್ತಾದದ್ದು.

ಹಣವಿರಲಿಲ್ಲವೆಂದು ಯಾರೂ ಹೇಳುವಂತಿಲ್ಲ. 2022ಕ್ಕೆ ಮುಗಿದ ನಾಲ್ಕು ವರ್ಷಗಳಲ್ಲಿ ಫೀಫಾದ ವರಮಾನ 750 ಕೋಟಿ ಡಾಲರು ಮುಟ್ಟಿತು. ತಂಡಗಳಿಗೆ ಹಂಚಿದ ಬಹುಮಾನದ ಮೊತ್ತ 44 ಕೋಟಿ ಡಾಲರು. ಅಷ್ಟೇ ಮೊತ್ತವನ್ನು ನೊಂದ ಕೆಲಸಗಾರರಿಗೂ ಮಡಿದವರ ಮನೆಯವರಿಗೂ ಮೀಸಲಿಡಿರೆಂದು ಮಾನವ ಹಕ್ಕುಗಳ ಸಂಸ್ಥೆಗಳು 2022ರಲ್ಲಿ ಕೇಳಿದವು. 2024ರ ನವೆಂಬರಿನಲ್ಲಿ ಫೀಫಾ ಸಾರಿದ್ದು 5 ಕೋಟಿ ಡಾಲರಿನ ನಿಧಿಯನ್ನು. ಅದೂ ವಿಶ್ವ ಆರೋಗ್ಯ ಸಂಸ್ಥೆ, ನಿರಾಶ್ರಿತರ ಸಂಸ್ಥೆ ಮೊದಲಾದವುಗಳ ಕಾರ್ಯಗಳಿಗೆ. ಆ ಕಾರ್ಯಗಳು ಒಳ್ಳೆಯವೇ. ಆದರೆ ಕಟ್ಟಿದವನ ಬಾಕಿಯನ್ನು ಬೇರೊಬ್ಬನಿಗೆ ದಾನ ಮಾಡಿದರೆ ಬಾಕಿ ತೀರಿದಂತಾಗುವುದಿಲ್ಲ.

ಬಂಧುಗಳೇ, ಇದು ಮುಗಿದ ಕಥೆಯಲ್ಲ. 2024ರ ಡಿಸೆಂಬರ್ 11ರಂದು ಫೀಫಾ 2034ರ ಪಂದ್ಯಾವಳಿಯನ್ನು ಸೌದಿ ಅರೇಬಿಯಕ್ಕೆ ಕೊಟ್ಟಿತು. ಐದು ನಗರಗಳಲ್ಲಿ 15 ಕ್ರೀಡಾಂಗಣಗಳ ಯೋಜನೆ ಅಲ್ಲಿಯದು. ಬಹುಪಾಲನ್ನು ಹೊಸದಾಗಿಯೇ ಕಟ್ಟಬೇಕು. ಅಲ್ಲಿಯೂ ಕಾರ್ಮಿಕ ಸಂಘಕ್ಕೆ ಎಡೆಯಿಲ್ಲ. ಆ ಕೆಲಸಕ್ಕೆ ಕೈಗಳು ಬೇಕು. 1970ರ ದಶಕದಲ್ಲಿ ಅರಬ ದೇಶಗಳ ಎಣ್ಣೆಯ ಐಶ್ವರ್ಯ ಉಕ್ಕಿದಂದಿನಿಂದ ಆ ಕೈಗಳು ಹಡಗು, ವಿಮಾನ ಹತ್ತುತ್ತ ಬಂದ ಬಾಗಿಲು ನಮ್ಮ ಈ ಮುಂಬಯಿ. ಕರಾವಳಿಯಿಂದ, ಉತ್ತರ ಕರ್ನಾಟಕದಿಂದ ಬರುವ ಹುಡುಗರು ಮೊದಲು ಇಳಿಯುವುದು ನಮ್ಮ ನಿಮ್ಮ ಖೋಲಿಗಳಲ್ಲಿ. ಆದುದರಿಂದ ಕಾವಲು ಇಲ್ಲಿಂದಲೇ ಆರಂಭವಾಗಬೇಕು.

ಸಂಘದ ಮುಂದೆ ನಾವು ನಾಲ್ಕು ಕೆಲಸಗಳನ್ನು ಇಡುತ್ತೇವೆ. ಒಂದನೆಯದು, ಹೊರಡುವವನ ಕರಾರುಪತ್ರವನ್ನು ಕನ್ನಡದಲ್ಲಿ ಓದಿ ಹೇಳುವ ಏರ್ಪಾಡು: ಪಗಾರವೆಷ್ಟು, ಕೆಲಸ ಯಾವುದು, ಊಟ ವಸತಿ ಯಾರದು ಎಂಬುದನ್ನು ರುಜು ಹಾಕುವ ಮೊದಲೇ ಅವನು ತಿಳಿಯಬೇಕು. ಅದರ ಒಂದು ಪ್ರತಿ ಮನೆಯಲ್ಲಿಯೂ ಇನ್ನೊಂದು ಸಂಘದಲ್ಲಿಯೂ ಇರಲಿ. ಎರಡನೆಯದು, ಏಜಂಟನಿಗೆ ಸರಕಾರದ ಪರವಾನಗಿ ಇದೆಯೇ ಎಂದು ವಿಚಾರಿಸುವುದು. ಅವನು ತೆಗೆದುಕೊಳ್ಳಬಹುದೆಂದು ಸರಕಾರ ಗೊತ್ತುಮಾಡಿದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಲಕ್ಷ ಕೇಳಿದರೆ ರಸೀತಿ ಕೇಳಿರಿ. ರಸೀತಿ ಕೊಡದವನ ಹೊಸ್ತಿಲು ಇಳಿಯಿರಿ. ಮೂರನೆಯದು, ಪ್ರವಾಸಿ ಭಾರತೀಯ ಬಿಮಾ ಯೋಜನೆ: 2017ರಲ್ಲಿ ತಿದ್ದಿದ ನಿಯಮದಂತೆ ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಪ್ರಾಣ ಹೋದರೆ ಮನೆಯವರಿಗೆ 10 ಲಕ್ಷ. ‘ಅಪಘಾತದಲ್ಲಿ’ ಎಂಬ ಮಾತನ್ನು ಮರೆಯಬೇಡಿ. ಮರಣಪತ್ರದಲ್ಲಿ ಏನು ಬರೆದಿದ್ದಾರೆ ಎಂಬುದನ್ನು ಕೇಳದೆ ಹೆಣವನ್ನು ಬರಮಾಡಿಕೊಂಡು ಸುಮ್ಮನಾಗಬಾರದು. ನಾಲ್ಕನೆಯದು, ಹೋದವರ ಹೆಸರು, ಊರು, ಕೆಲಸದ ಜಾಗ, ಮನೆಯವರ ವಿಳಾಸ ಬರೆದಿಡುವ ಒಂದು ಪುಸ್ತಕ. ಬದುಕಿರುವಾಗ ಎಣಿಕೆಗೆ ಸಿಗದವನು ಸತ್ತ ಮೇಲೆಯೂ ಎಣಿಕೆಗೆ ಸಿಗುವುದಿಲ್ಲ.

ಇವು ದೊಡ್ಡ ಕೆಲಸಗಳಲ್ಲ. ಒಂದು ಮೇಜು, ಒಂದು ದೀಪ, ವಾರಕ್ಕೆ ಎರಡು ಸಂಜೆ, ಓದು ಬಲ್ಲ ನಾಲ್ವರು ಗೆಳೆಯರಿದ್ದರೆ ನಡೆಯುವಂಥವು. ರಾತ್ರಿಶಾಲೆಗಳನ್ನು ನಡೆಸಿದ ಜನ ನಾವು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಅಕ್ಷರ ಕಲಿತವರು ನಮ್ಮೊಳಗೆ ಇದ್ದಾರೆ. ಆ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ಆಟ ನೋಡುವುದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ನಮ್ಮ ಹುಡುಗರು ನೋಡಲಿ, ಕುಣಿಯಲಿ. ಆದರೆ ಕ್ಯಾಮೆರಾ ಮೇಲೆದ್ದು ಆ ಮಾಡನ್ನು ತೋರಿಸಿದಾಗ, ಅದನ್ನು ಕಟ್ಟಿದವನಿಗೆ ಪಗಾರ ಸಂದಿತೇ ಎಂದು ಅವರು ಒಮ್ಮೆ ಕೇಳಿಕೊಳ್ಳುವಂತಾಗಲಿ. 2034ರಲ್ಲಿ ಆ ಪ್ರಶ್ನೆಗೆ ಹೌದು ಎಂಬ ಉತ್ತರ ಬರಬೇಕಾದರೆ, ಕೆಲಸ ಈ ವಾರದ ಸಂಜೆಯಿಂದಲೇ ಆರಂಭವಾಗಬೇಕು.