ಒರೆಸುವ ಬಟ್ಟೆ ಮತ್ತು ಮನೆಯ ಆರೋಗ್ಯ

(ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಕಡೆಯ ಗ್ರಾಮೀಣ ದಂಪತಿಗಳಿಗಾಗಿ ಭಾಷಣ)



ಕುಟುಂಬ ಕಲ್ಯಾಣವೆಂದೊಡನೆ ಮಕ್ಕಳ ಸಂಖ್ಯೆ, ಹೆರಿಗೆ, ಲಸಿಕೆ ಮುಂತಾದ ವಿಷಯಗಳು ನಮ್ಮ ಮನಸ್ಸಿಗೆ ಬರುತ್ತವೆ. ಅವು ಮುಖ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಟ್ಟಿದ ಮಗು ಆರೋಗ್ಯದಿಂದ ಬೆಳೆಯಬೇಕಾದರೆ ಮನೆಯೊಳಗಿನ ಸಣ್ಣಪುಟ್ಟ ವಸ್ತುಗಳ ಕಡೆಗೂ ತಂದೆತಾಯಿಗಳ ಗಮನ ಹರಿಯಬೇಕು. ಅಂತಹ ಒಂದು ವಸ್ತುವನ್ನು ಕುರಿತು ಇಂದು ತಮ್ಮ ಮುಂದೆ ನಾಲ್ಕು ಮಾತುಗಳನ್ನಾಡಲು ಬಯಸುತ್ತೇನೆ. ಅದು ನಾವು ದಿನಕ್ಕೆ ಹತ್ತಾರು ಬಾರಿ ಕೈಗೆತ್ತಿಕೊಂಡು ಅಷ್ಟೇ ಬಾರಿ ಮರೆತುಬಿಡುವ ಒರೆಸುವ ಬಟ್ಟೆ.

ಒರೆಸುವುದೆಂದರೆ ಏನು?

ಒರೆಸುವುದರಿಂದ ಕೊಳೆಯು ನಾಶವಾಗುವುದಿಲ್ಲ. ಅದು ಒಂದು ಸ್ಥಳದಿಂದ ಹೊರಟು ಬಟ್ಟೆಯೊಳಗೆ ಸೇರುತ್ತದೆ, ಅಷ್ಟೇ. ಆ ಬಟ್ಟೆಯನ್ನು ತೊಳೆದು ಒಣಗಿಸಿದರೆ ಕೊಳೆಯು ಮನೆಯಿಂದ ಹೊರಹೋಯಿತು. ತೊಳೆಯದೆ ಮುದ್ದೆಮಾಡಿ ಒಲೆಯ ಬದಿಯಲ್ಲಿಟ್ಟರೆ, ಅದೇ ಕೊಳೆಯು ಮುಂದಿನ ಸಲ ತಟ್ಟೆಗೆ, ಲೋಟಕ್ಕೆ, ಮಗುವಿನ ಬಾಯಿಗೆ ಹಿಂದಿರುಗುತ್ತದೆ. ಒದ್ದೆಯಾದ ಬಟ್ಟೆಯಲ್ಲಿ ಅನ್ನದ ಅಗುಳು, ಸಾರಿನ ಜಿಡ್ಡು ಸೇರಿಕೊಂಡಾಗ ರೋಗಾಣುಗಳಿಗೆ ಬೇಕಾದ ತೇವ, ಬೆಚ್ಚನೆಯ ವಾತಾವರಣ, ಆಹಾರ ಮೂರೂ ಒಂದೆಡೆ ದೊರೆಯುತ್ತವೆ. ಬೆಳಿಗ್ಗೆ ಒರೆಸಿಟ್ಟ ಬಟ್ಟೆಯಲ್ಲಿ ಸಂಜೆಯ ವೇಳೆಗೆ ಅವು ಅನೇಕ ಪಟ್ಟು ವೃದ್ಧಿಯಾಗಿರುತ್ತವೆ. ಚಿಕ್ಕ ಮಕ್ಕಳನ್ನು ಮತ್ತೆ ಮತ್ತೆ ಕಾಡುವ ವಾಂತಿಭೇದಿಗೆ ಕೊಳಕು ಕೈ, ಕೊಳಕು ನೀರುಗಳೊಡನೆ ಈ ಬಟ್ಟೆಯೂ ಒಂದು ದಾರಿಯಾಗಬಲ್ಲದು.

ಒಂದು ತುಂಡು ಬಟ್ಟೆಯಿಂದ ಏನಾದೀತು ಎಂದು ಯಾರಾದರೂ ಕೇಳಬಹುದು. ಹಿಂದೆ ನಮ್ಮ ರಾಜ್ಯದ ಕೆಲವು ಭಾಗಗಳನ್ನೂ ಒಳಗೊಂಡು ದೇಶದ ಹಲವೆಡೆ ನಾರುಹುಣ್ಣಿನ ರೋಗವಿತ್ತು. ಕುಡಿಯುವ ನೀರಿನಲ್ಲಿದ್ದ ಅತಿ ಸಣ್ಣ ಜೀವಿಯ ಮೂಲಕ ಆ ಹುಳು ದೇಹವನ್ನು ಸೇರುತ್ತಿತ್ತು. ಮೆಟ್ಟಿಲುಬಾವಿಗಳನ್ನು ಸುಧಾರಿಸುವುದರ ಜೊತೆಗೆ, ನೀರನ್ನು ನಯವಾದ ಬಟ್ಟೆಯಲ್ಲಿ ಸೋಸಿ ಕುಡಿಯುವ ಅಭ್ಯಾಸವನ್ನು ಮನೆಮನೆಗೂ ಕಲಿಸಲಾಯಿತು. ಭಾರತದಲ್ಲಿ ಆ ರೋಗದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು 2000ನೆಯ ಇಸವಿಯಲ್ಲಿ ನಮ್ಮ ದೇಶವನ್ನು ಆ ರೋಗದಿಂದ ಮುಕ್ತವೆಂದು ಸಾರಿತು.

ಇನ್ನೊಂದು ಉದಾಹರಣೆ ಟ್ರಕೋಮಾ ಎಂಬ ಕಣ್ಣಿನ ರೋಗ. ಅದು ಕೈಗಳಿಂದ, ನೊಣಗಳಿಂದ, ಮನೆಮಂದಿಯೆಲ್ಲರೂ ಮುಖ ಒರೆಸಿಕೊಳ್ಳುವ ಒಂದೇ ವಸ್ತ್ರದಿಂದ ಹರಡಿ ಅನೇಕರ ದೃಷ್ಟಿಯನ್ನು ಕಳೆಯುತ್ತಿತ್ತು. 2024ರ ಅಕ್ಟೋಬರ್ ತಿಂಗಳಲ್ಲಿ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಆ ರೋಗವು ಭಾರತದಲ್ಲಿ ಇಲ್ಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಾನ್ಯಮಾಡಿತು. ಬಟ್ಟೆಯು ರೋಗವನ್ನು ತಡೆಯಲೂ ಬಲ್ಲದು, ಹರಡಲೂ ಬಲ್ಲದು ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಹೊಸ ಬಗೆಯ ಬಟ್ಟೆ

ಈಗ ಪೇಟೆಯ ಅಂಗಡಿಗಳಲ್ಲಿಯೂ ಸಂತೆಗಳಲ್ಲಿಯೂ ಮೈಕ್ರೋಫೈಬರ್ ಎಂಬ ಹೆಸರಿನ, ಹಳದಿ, ನೀಲಿ, ಹಸಿರು ಬಣ್ಣದ ಮೆತ್ತನೆಯ ಬಟ್ಟೆಗಳು ಮಾರಾಟಕ್ಕಿವೆ. ಇದು ಹತ್ತಿಯ ಬಟ್ಟೆಯಲ್ಲ. ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಕೃತಕ ನೂಲನ್ನು ತಲೆಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಎಳೆಗಳಾಗಿ ತೆಗೆದು, ಆ ಎಳೆಗಳನ್ನೂ ಸೀಳಿ ಇದನ್ನು ತಯಾರಿಸುತ್ತಾರೆ. ಇಂತಹ ಅತಿ ಸೂಕ್ಷ್ಮ ಎಳೆಗಳನ್ನು 1970ರ ಸುಮಾರಿನಲ್ಲಿ ಜಪಾನ್ ದೇಶದಲ್ಲಿ ಸಿದ್ಧಪಡಿಸಲಾಯಿತು.

ಬೇಲೂರು, ಹಳೇಬೀಡುಗಳ ಗುಡಿಗಳಲ್ಲಿ ಬಳಪದ ಕಲ್ಲಿನ ಮೇಲಿನ ಸೂಕ್ಷ್ಮ ಕೆತ್ತನೆಯನ್ನು ತಾವೆಲ್ಲರೂ ಕಂಡಿದ್ದೀರಿ. ದಪ್ಪ ಉಳಿಯು ಹೋಗಲಾರದ ಎಡೆಗೆ ಸಣ್ಣ ಉಳಿಯು ಹೋಗುವಂತೆ, ದಪ್ಪ ನೂಲು ಮುಟ್ಟಲಾರದ ಸಣ್ಣ ಸಂದುಗಳನ್ನು ಈ ಎಳೆಗಳು ಮುಟ್ಟುತ್ತವೆ. ಸೀಳಿದ ಎಳೆಗಳ ಅಂಚುಗಳು ಧೂಳನ್ನೂ ಜಿಡ್ಡನ್ನೂ ಕೆರೆದು ಎತ್ತಿಕೊಳ್ಳುತ್ತವೆ, ಎಳೆಗಳ ನಡುವಿನ ಜಾಗವು ನೀರನ್ನು ಹಿಡಿದಿಡುತ್ತದೆ. ಆದುದರಿಂದ ಗಾಜು, ಉಕ್ಕಿನ ಪಾತ್ರೆ, ಕಡಪಕಲ್ಲಿನ ಕಟ್ಟೆ, ನುಣುಪಾದ ಹೆಂಚಿನ ನೆಲ ಇವುಗಳನ್ನು ಬರಿಯ ನೀರಿನಿಂದಲೇ ಚೊಕ್ಕಟಮಾಡಬಹುದು. ಆದರೆ ಈ ಬಟ್ಟೆ ರೋಗಾಣುಗಳನ್ನು ಕೊಲ್ಲುವುದಿಲ್ಲ. ಎತ್ತಿಕೊಂಡು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹೆಚ್ಚು ಕೊಳೆಯನ್ನು ಹಿಡಿಯುವ ಬಟ್ಟೆಯನ್ನು ಹೆಚ್ಚು ಎಚ್ಚರದಿಂದ ತೊಳೆಯಬೇಕಾಗುತ್ತದೆ.

ಹಳೆಯ ಸೀರೆ, ಪಂಚೆಗಳ ತುಂಡುಗಳಿರುವಾಗ ಹಣ ಕೊಟ್ಟು ಇದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಹತ್ತಿಯ ತುಂಡು, ಕೊಳೆಯಾಗಿ ಬಿದ್ದಿರುವ ದುಬಾರಿ ಬಟ್ಟೆಗಿಂತ ಸಾವಿರ ಪಾಲು ಮೇಲು. ಸಗಣಿ ಸಾರಿಸಿದ ನೆಲಕ್ಕೆ, ಒರಟು ಗಾರೆಗೆ ಈ ಹೊಸ ಬಟ್ಟೆ ಪ್ರಯೋಜನಕ್ಕೆ ಬಾರದು. ಅದರ ಎಳೆಗಳಲ್ಲಿ ಮಣ್ಣು ತುಂಬಿಕೊಳ್ಳುತ್ತದೆ. ಮಸಿ ಹಿಡಿದ ಪಾತ್ರೆಯನ್ನು ಉಜ್ಜಲು ಅರಸೀಕೆರೆಯ ಕಡೆ ಹೇರಳವಾಗಿರುವ ತೆಂಗಿನ ನಾರೇ ಸಾಕು. ನುಣುಪಾದ ನೆಲ ಮತ್ತು ಕಟ್ಟೆಗಳಿರುವ ಮನೆಯಲ್ಲಿ ಮಾತ್ರ ಇದು ನೀರನ್ನೂ ಸಾಬೂನನ್ನೂ ಗೃಹಿಣಿಯ ಶ್ರಮವನ್ನೂ ಉಳಿಸುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಬಣ್ಣಕ್ಕೆ ಮರುಳಾಗದೆ ಕೈಯಿಂದ ಪರೀಕ್ಷಿಸಿರಿ. ಒಣ ಅಂಗೈಯನ್ನು ಬಟ್ಟೆಯ ಮೇಲೆ ಮೆಲ್ಲನೆ ಎಳೆದಾಗ ಎಳೆಗಳು ಚರ್ಮಕ್ಕೆ ಸ್ವಲ್ಪ ಕಚ್ಚಿಕೊಂಡಂತೆ ಭಾಸವಾದರೆ ಅವು ಸೀಳಿದ ಎಳೆಗಳು. ರೇಷ್ಮೆಯಂತೆ ಜಾರಿಹೋದರೆ ಅದು ಸಾಧಾರಣ ಪಾಲಿಯೆಸ್ಟರ್ ಇದ್ದೀತು. ಅಂಗಡಿಯವರು ಒಪ್ಪಿದರೆ ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ ಒರೆಸಿ ನೋಡಿರಿ. ಒಳ್ಳೆಯ ಬಟ್ಟೆ ನೀರನ್ನು ಹೀರುತ್ತದೆ, ಕಳಪೆಯದು ತಳ್ಳುತ್ತದೆ. ಚೀಟಿಯಿದ್ದರೆ ಪಾಲಿಯೆಸ್ಟರ್ 80 ಭಾಗ, ಪಾಲಿಅಮೈಡ್ 20 ಭಾಗ ಎಂದಿರುವುದು ಸಾಮಾನ್ಯ. ಪಾಲಿಅಮೈಡ್ ಎಂದರೆ ನೈಲಾನ್ ಜಾತಿಯ ನೂಲು. ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ಬಟ್ಟೆ ಮನೆಗೆಲಸಕ್ಕೆ ಸಾಕು. ಅಂಚು ಭದ್ರವಾಗಿ ಹೊಲಿದಿರಬೇಕು.

ಒಂದು ಕೆಲಸಕ್ಕೆ ಒಂದು ಬಟ್ಟೆ

ಬಟ್ಟೆ ಯಾವುದೇ ಇರಲಿ, ಈ ನಿಯಮ ಎಲ್ಲಕ್ಕಿಂತ ಮುಖ್ಯವಾದುದು. ಅಡುಗೆಕಟ್ಟೆಗೆ ಒಂದು, ಕೈ ಒರೆಸಲು ಒಂದು, ನೆಲಕ್ಕೆ ಒಂದು, ಬಚ್ಚಲು ಮತ್ತು ಶೌಚಾಲಯಕ್ಕೆ ಒಂದು ಬಟ್ಟೆ ಬೇರೆಬೇರೆಯಾಗಿ ಇರಬೇಕು. ಬಣ್ಣದಿಂದ ಗುರುತಿಸಬಹುದು. ಎಲ್ಲವೂ ಒಂದೇ ಬಣ್ಣದ್ದಾಗಿದ್ದರೆ ಮೂಲೆಯಲ್ಲಿ ಬೇರೆಬೇರೆ ಬಣ್ಣದ ದಾರದ ಹೊಲಿಗೆ ಹಾಕಿರಿ. ಓದಲು ಬಾರದ ಅಜ್ಜಿಯೂ ಶಾಲೆಗೆ ಹೋಗದ ಮಗುವೂ ಗುರುತು ಹಿಡಿಯುವರು. ಮುಖ ಒರೆಸುವ ವಸ್ತ್ರವು ಮನೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿರಲಿ. ಕಣ್ಣುಬೇನೆ, ಕಜ್ಜಿಗಳಿದ್ದಾಗ ಇದನ್ನು ತಪ್ಪದೆ ಪಾಲಿಸಬೇಕು. ತೊಳೆದ ಪಾತ್ರೆಗಳನ್ನು ಬೋರಲು ಹಾಕಿ ಗಾಳಿಯಲ್ಲಿ ಒಣಗಲು ಬಿಟ್ಟರೆ ಒರೆಸುವ ಅಗತ್ಯವೇ ಬೀಳದು.

ಬಟ್ಟೆಯನ್ನು ಒಮ್ಮೆ ಮಡಿಸಿ, ಮತ್ತೊಮ್ಮೆ ಅಡ್ಡಲಾಗಿ ಮಡಿಸಿದರೆ ಒಟ್ಟು 8 ಮೈಗಳು ದೊರೆಯುತ್ತವೆ. ಒಂದು ಮೈ ಕೊಳೆಯಾದೊಡನೆ ಇನ್ನೊಂದಕ್ಕೆ ತಿರುಗಿಸಿರಿ. ಮೇಲಿನಿಂದ ಕೆಳಕ್ಕೆ, ಶುಭ್ರವಾದ ಕಡೆಯಿಂದ ಕೊಳೆಯ ಕಡೆಗೆ ಒರೆಸಿರಿ. ಧೂಳಿಗೆ ಒಣ ಬಟ್ಟೆ, ಜಿಡ್ಡಿಗೆ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಉಪಯೋಗಿಸತಕ್ಕದ್ದು.

ಒಂದು ಎಚ್ಚರಿಕೆ: ಮಸಿಬಟ್ಟೆಯಾಗಿ, ಅಂದರೆ ಒಲೆಯಿಂದ ಬಿಸಿ ಪಾತ್ರೆಯನ್ನು ಇಳಿಸಲು, ಮೈಕ್ರೋಫೈಬರನ್ನು ಎಂದಿಗೂ ಬಳಸಕೂಡದು. ಅತಿಯಾದ ಬಿಸಿಗೆ ಕೃತಕ ನೂಲು ಕರಗಿ ಕೈಗೆ ಅಂಟಿಕೊಳ್ಳುತ್ತದೆ. ಆ ಕೆಲಸಕ್ಕೆ ದಪ್ಪನೆಯ ಹತ್ತಿ ಬಟ್ಟೆಯೇ ಬೇಕು. ಹಸುಗೂಸಿನ ಮೈ ಒರೆಸಲು ಕೂಡ ಮೆತ್ತನೆಯ, ಶುಭ್ರವಾದ ಹತ್ತಿ ಬಟ್ಟೆಯೇ ಯೋಗ್ಯ.

ತೊಳೆಯುವುದು, ಒಣಗಿಸುವುದು

ಅಡುಗೆಮನೆಯ ಬಟ್ಟೆಯನ್ನು ಪ್ರತಿದಿನವೂ ತೊಳೆಯಬೇಕು. ಮೈಕ್ರೋಫೈಬರ್ ಬಟ್ಟೆಯನ್ನು ಹತ್ತಿಯ ಬಟ್ಟೆಗಳೊಡನೆ ಸೇರಿಸಿ ಒಗೆದರೆ ಹತ್ತಿಯ ನವಿರು ಅದರ ಎಳೆಗಳಿಗೆ ಸಿಕ್ಕಿಕೊಂಡು ಅದು ಕೆಲಸಕ್ಕೆ ಬಾರದಾಗುತ್ತದೆ. ಆದುದರಿಂದ ಬೇರೆಯಾಗಿ, ಉಗುರುಬೆಚ್ಚಗಿನ ನೀರು ಮತ್ತು ಸ್ವಲ್ಪವೇ ಸಾಬೂನಿನ ಪುಡಿಯಲ್ಲಿ ಕೈಯಿಂದ ಹಿಸುಕಿ ತೊಳೆಯಿರಿ. ಬಟ್ಟೆಯನ್ನು ಮೆದುಗೊಳಿಸುವ ಪರಿಮಳದ ದ್ರವ, ಬ್ಲೀಚಿಂಗ್ ಪುಡಿ, ಇಸ್ತ್ರಿ ಈ ಮೂರೂ ಇದಕ್ಕೆ ವರ್ಜ್ಯ. ಕುದಿಸಲೂಬಾರದು. ಹತ್ತಿಯ ಬಟ್ಟೆಗೆ ಈ ತೊಡಕಿಲ್ಲ. ಅದನ್ನು 10 ನಿಮಿಷ ಕುದಿಸಿ ರೋಗಾಣುಗಳನ್ನು ನಾಶಮಾಡಬಹುದು. ಮನೆಯಲ್ಲಿ ಯಾರಿಗಾದರೂ ಭೇದಿಯಾಗುತ್ತಿರುವಾಗ ಹತ್ತಿಯ ಬಟ್ಟೆಯನ್ನೇ ಬಳಸಿ ಕುದಿಸುವುದು ಕ್ಷೇಮ.

ನಮ್ಮ ಸೀಮೆಯಲ್ಲಿ ಊರಿಂದೂರಿಗೆ ನೀರೂ ಬಿಸಿಲೂ ಬೇರೆ. ಅರಸೀಕೆರೆಯ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಬಿಳಿಯ ಗಷ್ಟಾಗಿ ಎಳೆಗಳಲ್ಲಿ ಕೂರುತ್ತದೆ, ಬಟ್ಟೆ ಬಿರುಸಾಗುತ್ತದೆ. ಅಲ್ಲಿ ಸಾಬೂನನ್ನು ಮಿತಗೊಳಿಸಿ, ಎರಡು ಮೂರು ನೀರಿನಲ್ಲಿ ಜಾಲಿಸಬೇಕು. ಮಾಡಿನಿಂದ ಹಿಡಿದ ಮಳೆನೀರಿದ್ದರೆ ಇನ್ನೂ ಉತ್ತಮ. ಬಿಸಿಲಂತೂ ಅಲ್ಲಿ ಧಾರಾಳ.

ಬೇಲೂರಿನ ಮಲೆನಾಡಿನ ಸೆರಗಿನಲ್ಲಿ ಕಷ್ಟವು ಬೇರೆ ಬಗೆಯದು. ಮಳೆಗಾಲದಲ್ಲಿ ದಿನಗಟ್ಟಲೆ ಬಟ್ಟೆ ಒಣಗದೆ ಮುಗ್ಗುಲು ವಾಸನೆ ಬರುತ್ತದೆ. ಆ ವಾಸನೆಯೇ ಅದರಲ್ಲಿ ಜೀವಾಣುಗಳು ಬೆಳೆಯುತ್ತಿವೆಯೆಂಬುದರ ಸೂಚನೆ. ಅಂತಹ ಕಾಲದಲ್ಲಿ ಪ್ರತಿ ಕೆಲಸಕ್ಕೂ ಎರಡೆರಡು ಬಟ್ಟೆಗಳನ್ನಿಟ್ಟುಕೊಂಡು, ಬಲವಾಗಿ ಹಿಂಡಿ, ಬಿಚ್ಚಿ, ಗಾಳಿಯಾಡುವ ಜಗುಲಿಯಲ್ಲಿ ಹರವಿರಿ. ತೆಳುವಾದ ಬಟ್ಟೆ ಬೇಗ ಆರುವುದರಿಂದ ಅಲ್ಲಿ ಅದನ್ನೇ ಆರಿಸಿರಿ. ಹತ್ತಿಯ ಬಟ್ಟೆಯನ್ನು ಬಚ್ಚಲೊಲೆಯಿಂದ ದೂರದಲ್ಲಿ ಹಗ್ಗ ಕಟ್ಟಿ ಒಣಗಿಸಬಹುದು. ಮೈಕ್ರೋಫೈಬರನ್ನು ಒಲೆಯ ಹತ್ತಿರ ಒಯ್ಯಬೇಡಿರಿ.

ಹಳೇಬೀಡಿನ ದ್ವಾರಸಮುದ್ರದಂತಹ ಕೆರೆ, ಬೇಲೂರಿನ ಯಗಚಿಯಂತಹ ಹೊಳೆ ಸಮೀಪವಿರುವವರಿಗೆ ಒಂದು ವಿಶೇಷ ಬಿನ್ನಹ. ಪ್ರತಿ ತೊಳೆತದಲ್ಲಿಯೂ ಈ ಬಟ್ಟೆಯಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರುತ್ತವೆ. ಅವು ಕೊಳೆಯದೆ ನೀರಿನಲ್ಲಿ ಉಳಿಯುತ್ತವೆ. ಆದ್ದರಿಂದ ಇದನ್ನು ಕೆರೆಯ ಸೋಪಾನದಲ್ಲಿ ಒಗೆಯದೆ ಮನೆಯಲ್ಲಿ ಬಕೆಟ್ಟಿನಲ್ಲಿ ತೊಳೆದು, ಆ ನೀರನ್ನು ಬಾವಿಯಿಂದಲೂ ಕೆರೆಯಿಂದಲೂ ದೂರ ಚೆಲ್ಲಿರಿ. ಸವೆದ ಬಟ್ಟೆಯನ್ನು ನೆಲಕ್ಕೆ, ಆ ಬಳಿಕ ಸೈಕಲ್ಲು, ಪಂಪುಸೆಟ್ಟುಗಳನ್ನು ಒರೆಸಲು ಉಪಯೋಗಿಸಬಹುದು. ಅದನ್ನು ನೀರು ಕಾಯಿಸುವ ಒಲೆಗೆ ಹಾಕುವ ಅಭ್ಯಾಸ ಬೇಡ. ಪ್ಲಾಸ್ಟಿಕ್ಕಿನ ಹೊಗೆ ಗರ್ಭಿಣಿಗೂ ಮಗುವಿಗೂ ಕೆಡುಕು.

ಬಿಸಿಲಿಗೆ ಬಾರದ ಬಟ್ಟೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಬಟ್ಟೆಯ ವಿಚಾರವನ್ನು ಸಂಕೋಚದಿಂದ ಬಿಟ್ಟುಬಿಡುವುದು ಸರಿಯಲ್ಲ. ಮುಟ್ಟಿನ ದಿನಗಳಲ್ಲಿ ಬಟ್ಟೆಯನ್ನು ಬಳಸುವ ತಾಯಂದಿರು, ಹೆಣ್ಣುಮಕ್ಕಳು ಅದನ್ನು ತೊಳೆದ ನಂತರ ಯಾರ ಕಣ್ಣಿಗೂ ಬೀಳದಂತೆ ಸೀರೆಯ ಅಡಿಯಲ್ಲಿಯೋ ಕತ್ತಲೆಯ ಮೂಲೆಯಲ್ಲಿಯೋ ಒಣಗಿಸುವುದುಂಟು. ಅದು ಅರೆಬರೆ ಒಣಗಿ, ತೇವದೊಡನೆಯೇ ಮತ್ತೆ ಬಳಕೆಗೆ ಬರುತ್ತದೆ. ಇದರಿಂದ ತುರಿಕೆ, ಸೋಂಕುಗಳುಂಟಾಗಬಹುದು. ಅಡುಗೆಕಟ್ಟೆಯ ಬಟ್ಟೆಗೆ ದೊರೆಯುವ ಬಿಸಿಲು ಮನೆಯೊಡತಿಯ ಬಟ್ಟೆಗೆ ದೊರೆಯದಿರುವುದು ನ್ಯಾಯವೆ? ಮುಟ್ಟಿನ ಬಟ್ಟೆಯು ಶುಭ್ರವಾದ ಹತ್ತಿಯದಾಗಿರಲಿ, ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಲಿ. ಹಿತ್ತಿಲಿನಲ್ಲಿ ಬಿಸಿಲು ಬೀಳುವ ಕಡೆ ಒಂದು ಹಗ್ಗವನ್ನು ಕಟ್ಟಿಕೊಟ್ಟು, ಅದು ನಾಚಿಕೆಯ ವಿಷಯವಲ್ಲವೆಂದು ಮನೆಯವರಿಗೆಲ್ಲ ತಿಳಿಯಹೇಳುವುದು ಯಜಮಾನನಾದವನ ಕರ್ತವ್ಯ.

ಇಬ್ಬರ ಹೊಣೆ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಂತೆಗೆ ಹೋಗಿ ಕೊಳ್ಳುವವನು ಗಂಡ, ತೊಳೆಯುವವಳು ಹೆಂಡತಿ. ಕೊಳ್ಳುವವನಿಗೆ ತೊಳೆಯುವ ಕಷ್ಟ ತಿಳಿಯದು, ತೊಳೆಯುವವಳಿಗೆ ಆರಿಸುವ ಅವಕಾಶವಿಲ್ಲ. ಇಬ್ಬರೂ ಕೂಡಿ ಆರಿಸಿದರೆ ಹಣವೂ ಉಳಿದೀತು, ಶ್ರಮವೂ ಉಳಿದೀತು. ಊಟವಾದ ಮೇಲೆ ಕಟ್ಟೆಯನ್ನು ಒರೆಸಿ ಬಟ್ಟೆಯನ್ನು ಹಿಂಡಿ ಹರವಲು ಐದು ನಿಮಿಷ ಸಾಕು. ಆ ಕೆಲಸಕ್ಕೆ ಗಂಡಸಿನ ಕೈಯೂ ಬಂದರೆ ಅದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಬಸುರಿ ಬಾಣಂತಿಯರಿರುವ ಮನೆಯಲ್ಲಂತೂ ಅದು ಅತ್ಯಗತ್ಯ.

ಬಟ್ಟೆ ಎಷ್ಟೇ ಶುಭ್ರವಾಗಿದ್ದರೂ ಸಾಬೂನಿನಿಂದ ಕೈ ತೊಳೆಯುವುದಕ್ಕೆ ಅದು ಬದಲಿಯಲ್ಲ. ಶೌಚದ ನಂತರ, ಮಗುವಿನ ಮಲವನ್ನು ತೆಗೆದ ನಂತರ, ಅಡುಗೆಗೆ ಮತ್ತು ಊಟಕ್ಕೆ ಮೊದಲು ಕೈ ತೊಳೆಯಲೇಬೇಕು. ಮಗುವಿಗೆ ಭೇದಿಯಾದರೆ ತಡಮಾಡದೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಲು ಆರಂಭಿಸಿ, ಆಶಾ ಕಾರ್ಯಕರ್ತೆಯನ್ನೋ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕಾಣಿರಿ.

ದಂಪತಿಗಳೇ, ಈ ದಿನ ಮನೆಗೆ ಹಿಂದಿರುಗಿದ ಮೇಲೆ ಒಲೆಯ ಪಕ್ಕದಲ್ಲಿರುವ ಬಟ್ಟೆಯನ್ನು ಎತ್ತಿ, ಬಿಚ್ಚಿ, ಮೂಸಿ ನೋಡಿರಿ. ಅದು ಒಣಗಿದೆಯೆ? ಅದಕ್ಕೆ ಒಂದೇ ಕೆಲಸವಿದೆಯೆ? ಅದನ್ನು ತೊಳೆದದ್ದು ಯಾವಾಗ? ಈ ಮೂರು ಪ್ರಶ್ನೆಗಳಿಗೆ ಇಬ್ಬರೂ ಕೂಡಿ ಉತ್ತರ ಹೇಳಿಕೊಂಡರೆ ನನ್ನ ಮಾತು ಸಾರ್ಥಕವಾಯಿತು.